ಶಾಸಕರ ಮುಂದೆ, ಮಂತ್ರಿಗಳ ಮುಂದೆ: ಅಹವಾಲು ಹೇಳಿಕೊಳ್ಳುವ ಕ್ರಮ

"ಎಂಎಲ್‌ಎ ಮನೆಗೆ ಹೋಗಬೇಕು, ಹೇಗೆ ಮಾತಾಡೋದು?" "ಮಿನಿಸ್ಟರು ನಮ್ಮ ತಾಲ್ಲೂಕಿಗೆ ಬರ್ತಿದ್ದಾರೆ, ಹಾರ ತಗೊಂಡು ಹೋಗಲೇಬೇಕಾ?" "ಮುಖ್ಯಮಂತ್ರಿಗಳ ಕೈಗೇ ಅರ್ಜಿ ಕೊಟ್ಟು ಬಂದಿದ್ದೀನಿ, ಮುಂದೇನು?" ಓದುಗರಿಂದ ಈ ಪ್ರಶ್ನೆಗಳು ಬರುವುದು ನಿಂತೇ ಇಲ್ಲ. ಹಾಗಾಗಿ ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಕರ್ನಾಟಕಕ್ಕೆ ಸಂಬಂಧಿಸಿದ್ದು.

ಅಧಿಕಾರದಲ್ಲಿರುವವರ ಎದುರು ನಿಂತಾಗ ನಮ್ಮ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೈ ಮುಗಿದು, ಸೊಂಟ ಬಗ್ಗಿಸಿ, "ತಾವು ದೊಡ್ಡ ಮನಸ್ಸು ಮಾಡಬೇಕು" ಎಂದು ಹೇಳಿ ಹೊರಗೆ ಬರುತ್ತಾರೆ. ಗೇಟು ದಾಟಿದ ಮೇಲೆ ನೆನಪಾಗುತ್ತದೆ, ಬಂದ ವಿಷಯವನ್ನೇ ಹೇಳಲಿಲ್ಲ ಅಂತ. ಇಲ್ಲವೇ ದಾರಿಯುದ್ದಕ್ಕೂ ಬೈದುಕೊಂಡು ಹೋಗಿ, "ನಮ್ಮ ವೋಟಿಂದ ಗೆದ್ದವರು ನೀವು" ಎಂದೇ ಮಾತು ಶುರು ಮಾಡುತ್ತಾರೆ. ಎರಡರಲ್ಲೂ ಕೆಲಸ ಕೆಡುತ್ತದೆ. ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಆ ನಿಮಿಷದಲ್ಲಿ ಮಾತು ಕಾಗದಕ್ಕೆ ದಾರಿ ಮಾಡಿಕೊಟ್ಟರೆ ಸಾಕು. ಆಮೇಲೆ ಓಡಾಡುವುದು ಆ ಕಾಗದ, ಅದರ ಮೇಲೆ ಅವರು ಬರೆದ ಎರಡು ಸಾಲು.

1. ಇದು ಯಾರ ಕೆಲಸ ಅಂತ ಮೊದಲು ನೋಡಿ

ಶಾಸಕರ ಮನೆ ಮುಂದೆ ಬೆಳಗ್ಗೆ ನಿಂತಿರುವವರಲ್ಲಿ ಎಷ್ಟೋ ಮಂದಿ ಅಲ್ಲಿಗೆ ಬರಲೇಬೇಕಾಗಿರಲಿಲ್ಲ. ಚರಂಡಿ, ಬೀದಿ ದೀಪ, ಇ-ಸ್ವತ್ತು ಅಂದರೆ ಹಳ್ಳಿಯ ಮನೆ, ನಿವೇಶನದ ಆಸ್ತಿ ದಾಖಲೆ, ಇವೆಲ್ಲ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕೆಲಸ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಇಒ, ಅಂದರೆ ಕಾರ್ಯನಿರ್ವಾಹಕ ಅಧಿಕಾರಿ. ಪಿಂಚಣಿ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ತಹಶೀಲ್ದಾರ್. ಕರೆಂಟಿನ ದೂರಿಗೆ 1912.

ಪ್ರಮಾಣಪತ್ರದಂಥ ಕೆಲಸಕ್ಕೆ ಸಕಾಲ ಇದೆ. 2011ರ ಕಾಯ್ದೆ ಅದು. ಅರ್ಜಿ ಕೊಟ್ಟಾಗ 15 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶವೂ ಇದೆ. ದುಡ್ಡು ದೊಡ್ಡದಲ್ಲ. ಆದರೆ ಅದು ಅಧಿಕಾರಿಯ ಸಂಬಳದಿಂದ ಹೋಗುತ್ತದೆ. ಇಷ್ಟಕ್ಕೆ ಶಾಸಕರ ಕಾಲು ಹಿಡಿಯುವುದು ಯಾಕೆ?

ಶಾಸಕರ ಹತ್ತಿರ ಒಯ್ಯಬೇಕಾದದ್ದು ಬೇರೆ. ಊರಿಗೆ ಬಸ್ಸು, ಶಾಲೆಗೆ ಕೊಠಡಿ, ಸೇತುವೆ, ಕುಡಿಯುವ ನೀರು, ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ, ಕಚೇರಿಯಲ್ಲಿ ಕಾರಣ ಹೇಳದೆ ಕೂರಿಸಿಟ್ಟಿರುವ ಕಡತ. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ರೂಪಾಯಿ ಇದೆ. ಸಣ್ಣಪುಟ್ಟ ಕಾಮಗಾರಿಗೆ ಅದರಲ್ಲಿ ಕೇಳಬಹುದು. ರೈಲು, ರಾಷ್ಟ್ರೀಯ ಹೆದ್ದಾರಿ, ಪಾಸ್‌ಪೋರ್ಟ್, ಅಂಚೆ ಇವು ಕೇಂದ್ರದ್ದು, ಸಂಸದರ ಹತ್ತಿರ ಹೋಗಿ.

ರಸ್ತೆ ವಿಷಯಕ್ಕೆ ಹೋಗುವವರು ಒಂದು ಮಾತು ವಿಚಾರಿಸಿಕೊಂಡು ಹೋಗಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ತಪ್ಪು ಇಲಾಖೆ ಹೆಸರು ಬರೆದ ಅರ್ಜಿ "ನಮಗೆ ಸಂಬಂಧಿಸಿಲ್ಲ" ಎಂಬ ಹಿಂಬರಹ ಹೊತ್ತು ವಾಪಸ್ ಬರುತ್ತದೆ. ಹಿಂಬರಹ ಅಂದರೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ.

ಕೇಳಬಾರದ್ದೂ ಇದೆ. ಕೋರ್ಟಿನಲ್ಲಿರುವ ಆಸ್ತಿ ಜಗಳ, ಪೊಲೀಸ್ ಕೇಸು ಕೈಬಿಡಿಸುವುದು, ಪರೀಕ್ಷೆಯ ಅಂಕ, ಸರ್ಕಾರಿ ಕೆಲಸ ಕೊಡಿಸಿ ಅನ್ನುವುದು. ನೀವು ಸರ್ಕಾರಿ ನೌಕರರಾಗಿದ್ದು ವರ್ಗಾವಣೆಗೆ ಲೆಟರ್ ತರಲು ಹೊರಟಿದ್ದರೆ, ಹೊರಗಿನ ಪ್ರಭಾವ ತರುವುದು ನಿಮ್ಮ ನಡತೆ ನಿಯಮಕ್ಕೇ ವಿರುದ್ಧ. ಎಲ್ಲರೂ ತರುತ್ತಾರಲ್ಲ ಅಂತೀರಿ. ತರುತ್ತಾರೆ. ನಾಳೆ ಯಾರಾದರೂ ಅದನ್ನೇ ಎತ್ತಿಕೊಂಡು ದೂರು ಕೊಟ್ಟರೆ ಉತ್ತರ ಕೊಡಬೇಕಾದವರು ನೀವು.

2. ಕಾಗದ ಸಿದ್ಧ ಮಾಡಿ

ಒಂದೇ ಪುಟ. ಎರಡನೇ ಪುಟವನ್ನು ಯಾರೂ ತಿರುಗಿಸುವುದಿಲ್ಲ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನಲ್ಲಿದ್ದರೆ ತೂಕ ಜಾಸ್ತಿ ಅನ್ನುವ ಭ್ರಮೆ ಬೇಡ. ಕೇಂದ್ರದ ಕಚೇರಿಗೂ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

"ಇಂದ", "ಗೆ", "ಮಾನ್ಯರೇ", "ವಿಷಯ" ಈ ಕ್ರಮ ನಿಮಗೆ ಗೊತ್ತಿರುವುದೇ. ಎಲ್ಲಕ್ಕಿಂತ ಮುಖ್ಯ "ವಿಷಯ" ಎಂಬ ಸಾಲು. ಕಾಗದ ಕೈಗೆ ತಗೊಂಡವರು ಮೊದಲು ನೋಡುವುದು ಅದನ್ನೇ, ಬಹಳ ಸಲ ಅದೊಂದನ್ನೇ. "ವಿಷಯ: ನಮ್ಮ ಗ್ರಾಮದ ಸಮಸ್ಯೆಗಳ ಬಗ್ಗೆ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. "ವಿಷಯ: ಹೊಸಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಗ್ಗೆ 8 ಗಂಟೆಗೆ ವಿದ್ಯಾರ್ಥಿಗಳಿಗಾಗಿ ಬಸ್ ಬಿಡುವ ಬಗ್ಗೆ" ಎಂದರೆ ಯಾರಿಗೆ ಬೇಕು, ಏನು ಬೇಕು, ಎಷ್ಟು ಹೊತ್ತಿಗೆ ಬೇಕು ಎಲ್ಲ ಬಂತು. ಒಂದು ಅರ್ಜಿಗೆ ಒಂದೇ ಬೇಡಿಕೆ. ಬಸ್ಸು, ನೀರು, ಸ್ಮಶಾನ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಮೂರು ಇಲಾಖೆಗೂ ಸೇರದೆ ನಡುವೆ ಎಲ್ಲೋ ಕಳೆದುಹೋಗುತ್ತದೆ. ಮೂರು ಬೇಡಿಕೆ ಇದ್ದರೆ ಮೂರು ಹಾಳೆ.

ವಿಷಯದ ಕೆಳಗೆ "ಉಲ್ಲೇಖ" ಹಾಕಿ. ಹಿಂದೆ ಯಾವ ಕಚೇರಿಗೆ, ಯಾವ ತಾರೀಖು ಅರ್ಜಿ ಕೊಟ್ಟಿದ್ದೀರಿ ಅನ್ನುವುದು ಅಲ್ಲಿರಲಿ. ಇವರು ನೇರವಾಗಿ ಇಲ್ಲಿಗೇ ಬಂದವರಲ್ಲ, ಕೆಳಗೆ ಪ್ರಯತ್ನ ಮಾಡಿಯೇ ಬಂದವರು ಎಂದು ಅದರಿಂದ ಗೊತ್ತಾಗುತ್ತದೆ. ಕೊನೆಗೆ ಪೂರ್ತಿ ವಿಳಾಸ ಮತ್ತು ಮೊಬೈಲ್ ನಂಬರ್. ನಂಬರ್ ಬರೆಯದ ಅರ್ಜಿಗಳು ಎಷ್ಟೋ ಇರುತ್ತವೆ. ಅಧಿಕಾರಿ ಫೋನ್ ಮಾಡಬೇಕೆಂದರೂ ಯಾರಿಗೆ ಮಾಡಬೇಕು?

ಮೂರು ಪ್ರತಿ ಮಾಡಿಸಿ. ಒಂದು ಅವರಿಗೆ, ಒಂದು ಸಂಬಂಧಪಟ್ಟ ಅಧಿಕಾರಿಗೆ, ಒಂದು ಸ್ವೀಕೃತಿ ಹಾಕಿಸಿಕೊಳ್ಳಲು ನಿಮ್ಮ ಕೈಯಲ್ಲಿ. ಸ್ವೀಕೃತಿ ಅಂದರೆ "ಸ್ವೀಕರಿಸಿದ್ದೇವೆ" ಎನ್ನುವ ಸೀಲು, ಸಹಿ, ತಾರೀಖು.

ಎಚ್ಚರಿಕೆ: ಮೂಲ ದಾಖಲೆ ಕೊಡಲೇಬೇಡಿ. ಮೂಲ ಪಹಣಿ, ಮೂಲ ಅಂಕಪಟ್ಟಿ, ಆಸ್ಪತ್ರೆಯ ಮೂಲ ಬಿಲ್ಲು ಇವೆಲ್ಲ ಜನರ ಗುಂಪಿನಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ ಆಮೇಲೆ ಸಿಗುವುದಿಲ್ಲ. ಜೆರಾಕ್ಸ್ ಕೊಡಿ. ಮೂಲ ನಿಮ್ಮ ಚೀಲದಲ್ಲಿರಲಿ, ಕೇಳಿದರೆ ತೋರಿಸಿ. ಚಿಕಿತ್ಸೆಗೆ ನೆರವು ಕೇಳುವವರು ಆಧಾರ್, ರೇಷನ್ ಕಾರ್ಡ್, ಬಿಲ್ಲು ಅಥವಾ ಅಂದಾಜು ಪಟ್ಟಿ, ಡಿಸ್‌ಚಾರ್ಜ್ ಸಮ್ಮರಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರ ಜೆರಾಕ್ಸನ್ನೂ ಅರ್ಜಿಗೆ ಸೇರಿಸಿ ಪಿನ್ ಹೊಡೆಯಿರಿ. ಬಿಡಿ ಹಾಳೆ ಕೊಟ್ಟರೆ ಗಾಳಿಗೆ ಒಂದು, ಮೇಜಿನ ಕೆಳಗೆ ಒಂದು.

3. ಎಲ್ಲಿ, ಯಾವಾಗ

ಶಾಸಕರು ಕ್ಷೇತ್ರದಲ್ಲಿದ್ದರೆ ಸಾಮಾನ್ಯವಾಗಿ ಬೆಳಗ್ಗೆ ಮನೆಯಲ್ಲೋ ಶಾಸಕರ ಕಚೇರಿಯಲ್ಲೋ ಸಿಗುತ್ತಾರೆ. ಅಧಿವೇಶನದ ದಿನಗಳಲ್ಲಿ ಬೆಂಗಳೂರಿನಲ್ಲಿ, ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆದರೆ ಅಲ್ಲಿ. ಹೊರಡುವ ಹಿಂದಿನ ಸಂಜೆ ಅವರ ಪಿಎಗೆ ಒಂದು ಫೋನ್ ಮಾಡಿ. ಪಿಎ ಅಂದರೆ ಆಪ್ತ ಸಹಾಯಕ, ದಿನದ ಕಾರ್ಯಕ್ರಮ ಪೂರ್ತಿ ಗೊತ್ತಿರುವ ವ್ಯಕ್ತಿ.

ಮಂತ್ರಿಗಳಾದರೆ ಟಿಪಿ ಕೇಳಿ. ಟಿಪಿ ಎಂದರೆ ಪ್ರವಾಸ ಕಾರ್ಯಕ್ರಮದ ಪಟ್ಟಿ. ಯಾವ ದಿನ ಎಷ್ಟು ಹೊತ್ತಿಗೆ ಯಾವ ಊರು, ಎಲ್ಲಿ ವಾಸ್ತವ್ಯ ಅನ್ನುವುದೆಲ್ಲ ಅದರಲ್ಲಿರುತ್ತದೆ. ತಹಶೀಲ್ದಾರ್ ಕಚೇರಿಗೆ ಮುಂಚೆಯೇ ಬಂದಿರುತ್ತದೆ. ಪ್ರವಾಸಿ ಮಂದಿರದಲ್ಲಿ, ಜನ ಐಬಿ ಅನ್ನುತ್ತಾರಲ್ಲ ಅಲ್ಲಿ, ಅಹವಾಲು ಸ್ವೀಕಾರಕ್ಕೆ ಸಮಯ ಇಟ್ಟಿದ್ದಾರಾ ನೋಡಿ. ನಿಮ್ಮ ಜಿಲ್ಲೆಯ ಕೆಲಸಕ್ಕೆ ಉಸ್ತುವಾರಿ ಸಚಿವರು ಹತ್ತಿರದ ದಾರಿ. ಜಿಲ್ಲೆಯ ಕೆಡಿಪಿ ಸಭೆ, ಅಂದರೆ ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲನೆ ಸಭೆ, ನಡೆಸುವವರು ಅವರು. ತಾಲ್ಲೂಕಿನ ಕೆಡಿಪಿ ಸಭೆಗೆ ಶಾಸಕರು ಅಧ್ಯಕ್ಷರು. ಎಲ್ಲ ಇಲಾಖೆಯ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕುಳಿತು ಉತ್ತರ ಹೇಳಬೇಕಾದ ಸಭೆ ಅದು. ನನ್ನನ್ನು ಕೇಳಿದರೆ, ಆ ಸಭೆಗೆ ನಾಲ್ಕೈದು ದಿನ ಮೊದಲು ಅರ್ಜಿ ಕೊಡುವಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಶಾಸಕರಿಗೂ ಸಭೆಯಲ್ಲಿ ಕೇಳಲು ಒಂದು ವಿಷಯ ಬೇಕಿರುತ್ತದೆ.

ವಿಧಾನಸೌಧ, ವಿಕಾಸಸೌಧಕ್ಕೆ ಹೋಗುವವರು ಫೋಟೊ ಇರುವ ಗುರುತಿನ ಚೀಟಿ ಒಯ್ಯಿರಿ. ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಸಾರ್ವಜನಿಕರ ಪ್ರವೇಶ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ರಾತ್ರಿ ಬಸ್ಸಿಗೆ ಬಂದು ಬೆಳಗ್ಗೆಯೇ ಗೇಟಿನಲ್ಲಿ ನಿಂತು ಸುಸ್ತಾಗಬೇಡಿ.

ಮುಖ್ಯಮಂತ್ರಿಗಳನ್ನು ನೋಡಲು ಜನತಾ ದರ್ಶನ, ಜನಸ್ಪಂದನ ಎಂಬ ಅಹವಾಲು ಸ್ವೀಕಾರ ಕಾರ್ಯಕ್ರಮ ಇರುತ್ತದೆ. 2023ರ ನವೆಂಬರಿನಲ್ಲಿ ಸಿದ್ದರಾಮಯ್ಯನವರು ಗೃಹ ಕಚೇರಿ ಕೃಷ್ಣಾದಲ್ಲಿ, 2024ರ ಫೆಬ್ರುವರಿಯಲ್ಲಿ ವಿಧಾನಸೌಧದ ಆವರಣದಲ್ಲಿ ಇದನ್ನು ನಡೆಸಿದ್ದರು. ಇಂಥ ಕಡೆ ಸಾವಿರಾರು ಜನ ಸೇರುತ್ತಾರೆ. ಮುಖ್ಯಮಂತ್ರಿಗಳ ಮುಖ ನೋಡಿಯೇ ಅರ್ಜಿ ಕೊಡುತ್ತೇನೆ ಎಂದು ಹಟ ಹಿಡಿಯಬೇಡಿ. ಇಲಾಖೆಯ ಕೌಂಟರಿನಲ್ಲಿ ನೋಂದಣಿ ಆಗಿ ನಂಬರ್ ಸಿಕ್ಕಿದರೆ ನಿಮ್ಮ ಕೆಲಸ ಅಲ್ಲಿಗೆ ಆಯಿತು.

ಹೋಗಬಾರದ ಹೊತ್ತು ಯಾವುದು ಅಂದರೆ ಮದುವೆ ಮನೆ, ಸಾವಿನ ಮನೆ, ವೇದಿಕೆ ಕಾರ್ಯಕ್ರಮ, ಅವರು ಕಾರು ಹತ್ತುತ್ತಿರುವ ಗಳಿಗೆ. ಅಲ್ಲಿ ಕೊಟ್ಟ ಕಾಗದ ಜೇಬು ಸೇರುತ್ತದೆ, ಜುಬ್ಬಾ ಒಗೆಯಲು ಹೋಗುತ್ತದೆ. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಲ್ಲಿದ್ದಾಗಲೂ ಸುಮ್ನೆ ಓಡಾಡಬೇಡಿ. ಆಗ ಹೊಸ ಕಾಮಗಾರಿ ಮಂಜೂರು ಮಾಡುವ ಹಾಗಿಲ್ಲ, ಭರವಸೆ ಕೊಡುವ ಹಾಗೂ ಇಲ್ಲ.

4. ಯಾರು ಹೋಗಬೇಕು, ಏನು ಒಯ್ಯಬೇಕು

ಊರಿನ ಕೆಲಸಕ್ಕೆ ಮೂರರಿಂದ ಐದು ಜನ ಸಾಕು. ಟೆಂಪೊ ತುಂಬ ಹೋದರೆ ಒಳಗೆ ಬಿಡುವುದು ಕೊನೆಗೂ ಐದೇ ಜನರನ್ನು, ಹೊರಗೆ ಉಳಿದವರಿಗೆ ಬೇಸರ. ಮಾತಾಡುವವರು ಒಬ್ಬರು, ಯಾರು ಅಂತ ಊರಿನಲ್ಲೇ ತೀರ್ಮಾನ ಆಗಿರಲಿ. ಒಬ್ಬರು ಹೇಳುವಾಗ ಇನ್ನೊಬ್ಬರು "ಅದಲ್ಲ ಸಾರ್" ಎಂದು ನಡುವೆ ಬಾಯಿ ಹಾಕಿದರೆ ನಿಮ್ಮ ನಿಮಿಷ ಅಲ್ಲೇ ಮುಗಿಯಿತು. ಬಸ್ಸಿನ ವಿಷಯಕ್ಕೆ ಓದುವ ಹುಡುಗಿಯೊಬ್ಬಳು, ನೀರಿನ ವಿಷಯಕ್ಕೆ ಕೊಡ ಹೊರುವ ಹೆಂಗಸರೊಬ್ಬರು ಮಾತಾಡಿದರೆ ಒಳ್ಳೆಯದು. ಕಷ್ಟ ಯಾರದೋ ಅವರ ಬಾಯಲ್ಲಿ ಮಾತು ನೇರವಾಗಿ ಬರುತ್ತದೆ.

ಪಕ್ಷದ ಮುಖಂಡರನ್ನು ಜೊತೆಗೆ ಕರೆದೊಯ್ಯಬೇಕಾ? ಬಾಗಿಲು ಬೇಗ ತೆಗೆಯುತ್ತದೆ, ನಿಜ. ಆದರೆ ಮಾತೆಲ್ಲ ಅವರದೇ ಆಗುತ್ತದೆ. ನಿಮ್ಮ ಅರ್ಜಿಯ ಜೊತೆ ಅವರದೂ ಎರಡು ಕೆಲಸ ಸೇರಿಕೊಳ್ಳುತ್ತದೆ, ಆಮೇಲೆ ಊರಲ್ಲಿ "ನಾನು ಮಾಡಿಸಿದ್ದು" ಎಂಬ ಲೆಕ್ಕ ಬೇರೆ. ಮತದಾರರಾಗಿ ನೀವು ಒಬ್ಬರೇ ಹೋದರೂ ಬೇಡ ಅನ್ನುವವರಿಲ್ಲ. ಬಾಗಿಲು ತಟ್ಟಿ ನೋಡಿ, ಆಗದಿದ್ದರೆ ಮುಖಂಡರು ಇದ್ದೇ ಇದ್ದಾರೆ.

ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಯಾವುದೂ ಬೇಡ. ಹಾಕಿದ ಹಾರ ಮುಂದಿನ ಕ್ಷಣಕ್ಕೆ ಗನ್‌ಮ್ಯಾನ್ ಕೈಯಲ್ಲಿರುತ್ತದೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಹೊಸದರಲ್ಲಿ ಸಿದ್ದರಾಮಯ್ಯನವರೇ ಹಾರ, ಶಾಲು ಬೇಡ, ಕೊಡಲೇಬೇಕೆಂದರೆ ಪುಸ್ತಕ ಕೊಡಿ ಎಂದು ಹೇಳಿದ್ದರು. ಅಹವಾಲು ಒಯ್ಯುವವರು ಪುಸ್ತಕವನ್ನೂ ಕೊಡಬೇಕಾಗಿಲ್ಲ.

ದುಡ್ಡಿನ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. "ಸಾಹೇಬರಿಗೆ ಹೇಳಿ ಮಾಡಿಸ್ತೀನಿ, ಇಷ್ಟು ಖರ್ಚಿಗೆ ಕೊಡಿ" ಅನ್ನುವವರು ಗೇಟಿನ ಹೊರಗೇ ಸಿಗುತ್ತಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ದೂರು ಕೊಡಲು ಲೋಕಾಯುಕ್ತ ಇದೆ.

5. ಕಾಯುವ ಹೊತ್ತು

ಕಾಯಬೇಕಾಗುತ್ತದೆ. ಔಷಧಿ ತಗೊಳ್ಳುವವರು ಮಾತ್ರೆ, ನೀರು ಇಟ್ಟುಕೊಳ್ಳಿ. ಪಿಎ ಮತ್ತು ಗನ್‌ಮ್ಯಾನ್ ಜೊತೆ ಜಗಳ ಬೇಡ, ಹಾಗಂತ ಹಲ್ಲು ಗಿಂಜುವುದೂ ಬೇಡ. ಮಂತ್ರಿಗಳ ಕಚೇರಿಯಲ್ಲಿ ಆಪ್ತ ಕಾರ್ಯದರ್ಶಿ ಇರುತ್ತಾರೆ, ಜೊತೆಗೆ ಒಎಸ್‌ಡಿ ಅಂದರೆ ವಿಶೇಷ ಕರ್ತವ್ಯಾಧಿಕಾರಿ ಇರುತ್ತಾರೆ. ಅರ್ಜಿ ಇಲಾಖೆಗೆ ಹೋಗುವುದು ಇವರ ಮೇಜಿನಿಂದಲೇ. ಹೆಸರು ಕೇಳಿ ಬರೆದುಕೊಳ್ಳಿ. ಆಮೇಲೆ ಫೋನ್ ಮಾಡುವಾಗ "ಆವತ್ತು ಇದ್ದರಲ್ಲ, ಅವರು" ಎನ್ನುವುದಕ್ಕಿಂತ ಹೆಸರು ಹಿಡಿದು ಕೇಳುವುದು ವಾಸಿ.

"ಕೊಟ್ಟು ಹೋಗಿ, ನಾನು ತೋರಿಸ್ತೀನಿ" ಎಂದು ಪಿಎ ಹೇಳಬಹುದು. ಒಂದು ಪ್ರತಿ ಕೊಡಿ, ತೊಂದರೆಯಿಲ್ಲ. "ಒಂದು ನಿಮಿಷ ಸಾಹೇಬರನ್ನ ಕಂಡೇ ಹೋಗ್ತೀವಿ ಸರ್" ಎಂದು ಮೆತ್ತಗೆ ಹೇಳಿ ಕುಳಿತುಕೊಳ್ಳಿ. ಮೊಬೈಲ್ ಸೈಲೆಂಟ್ ಮಾಡಿ. ಒಳಗಿನ ವಿಡಿಯೊ ಮಾಡಬೇಡಿ.

6. ಎದುರು ನಿಂತಾಗ

ಶಾಸಕರ ಮನೆಯ ಜಗಲಿ ಹೀಗಿರುತ್ತದೆ: ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒರಗಿ ನಿಂತ ಜನ, ಮೂಲೆಯಲ್ಲಿ ಚಪ್ಪಲಿ ರಾಶಿ. ಶಾಸಕರ ಒಂದು ಕಿವಿಯಲ್ಲಿ ಫೋನು, ಎಡಗೈಯಲ್ಲಿ ಯಾರದೋ ಅರ್ಜಿ. ನಿಮ್ಮ ಸರದಿ ಬಂದಾಗ ಫೋನು ಇಳಿಸದೆಯೇ ಗಲ್ಲ ಎತ್ತಿ ಒಂದು ಮಾತು ಕೇಳುತ್ತಾರೆ: "ಯಾವೂರು?"

ಇಲ್ಲಿ ಎಡವುವವರು ಜಾಸ್ತಿ. ಯಾವೂರು ಅಂದರೆ ಊರು, ಹೋಬಳಿ ಹೇಳಿ. ಅಷ್ಟೇ. ನಮ್ಮ ತಾತ ನಿಮ್ಮ ತಂದೆಯವರ ಜೊತೆ ಓದಿದವರು, ನಾವು ಇಂಥವರ ಪೈಕಿ, ಕಳೆದ ಎಲೆಕ್ಷನ್ನಿನಲ್ಲಿ ನಮ್ಮ ಬೂತಿನಲ್ಲಿ ಇಷ್ಟು ಲೀಡು ಕೊಟ್ಟೆವು, ಇದೆಲ್ಲ ಶುರುವಾದರೆ ವಿಷಯಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ನಿಮ್ಮ ಹಿಂದೆ ನಿಂತವರ ಮೇಲಿರುತ್ತದೆ. ಜಾತಿಯ ಮಾತು ತರುವುದಂತೂ ಬೇಡವೇ ಬೇಡ. ಅದರಿಂದ ಕೆಲಸ ಆಯಿತೆಂದೇ ಇಟ್ಟುಕೊಳ್ಳಿ, ಪಕ್ಕದಲ್ಲಿ ನಿಂತ ಊರವರಿಗೆ ಅದು ನೆನಪಿರುತ್ತದೆ.

ಫೋನು ಮುಗಿಯುವವರೆಗೆ ಸುಮ್ಮನೆ ನಿಲ್ಲಿ. ಒಂದು ನಮಸ್ಕಾರ ಸಾಕು. ಕಾಲಿಗೆ ಬೀಳಬೇಡಿ. ವಯಸ್ಸಾದವರು ತಮಗಿಂತ ಚಿಕ್ಕವರ ಕಾಲಿಗೆ ಬೀಳುವುದನ್ನು ನೋಡಿದರೆ ಎದುರಿಗಿರುವ ಶಾಸಕರಿಗೂ ಮುಜುಗರ ಆಗುತ್ತದೆ, ಕೆಲಸಕ್ಕೆ ಏನೂ ಉಪಯೋಗವಿಲ್ಲ. ಕರೆಯುವುದು "ಸರ್", "ಮೇಡಂ". ಹಳ್ಳಿ ಕಡೆ "ಅಣ್ಣ", "ಅಕ್ಕ", "ಸಾಹೇಬ್ರೆ" ಅನ್ನುವುದು ರೂಢಿ, ನಿಮಗೆ ಬಾಯಿಗೆ ಬರುವುದಾದರೆ ಅದೂ ಸರಿ. ಕೂರಿ ಅಂದರೆ ಕೂತುಕೊಳ್ಳಿ, "ಪರವಾಗಿಲ್ಲ ಸರ್, ನಿಂತೇ ಇರ್ತೀನಿ" ಎಂದು ಅದಕ್ಕೇ ಅರ್ಧ ನಿಮಿಷ ಕಳೆಯಬೇಡಿ.

ಮೂರು ವಾಕ್ಯ ಹೇಳಿ. ಮನೆಯಲ್ಲೇ ಬಾಯಿಗೆ ರೂಢಿ ಮಾಡಿಕೊಂಡು ಹೋಗಿ. ಹೀಗೆ:

"ಸರ್, ಹೊಸಹಳ್ಳಿ, ಕಸಬಾ ಹೋಬಳಿ. ಹೈಸ್ಕೂಲು, ಕಾಲೇಜಿಗೆ ಹೋಗೋ ಮಕ್ಕಳಿಗೆ ಬೆಳಗ್ಗೆ ಬಸ್ಸಿಲ್ಲ, ಡಿಪೋಗೆ ಎರಡು ಸಲ ಅರ್ಜಿ ಕೊಟ್ಟಿದ್ದೀವಿ. 8 ಗಂಟೆಗೆ ಒಂದು ಟ್ರಿಪ್ ಬಿಡೋಕೆ ಡಿಪೋ ಮ್ಯಾನೇಜರಿಗೆ ಹೇಳಬೇಕು."

ಊರು, ಕಷ್ಟ, ಯಾರಿಗೆ ಏನು ಹೇಳಬೇಕು. ಮೂರನೆಯದನ್ನು ಬಿಡಬೇಡಿ. "ಏನಾದರೂ ಮಾಡಿ ಸರ್" ಅಂದರೆ ಅವರು ಏನು ಮಾಡಬೇಕೆಂದು ಯೋಚಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಯೋಚಿಸುವ ಪುರುಸೊತ್ತು ಅವರಿಗಿಲ್ಲ. ಹೇಳಿ ಮುಗಿಸಿ ಕಾಗದ ಕೊಡಿ. ವಿಷಯದ ಸಾಲು ಅವರ ಕಡೆಗೆ ತಿರುಗಿರಲಿ, ಮಡಚಿ ಕೊಡಬೇಡಿ.

ಶಾಸಕರು ಅಲ್ಲೇ ಅಧಿಕಾರಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಗದರಿಸಬಹುದು. ನೋಡಲು ಖುಷಿ ಆಗುತ್ತದೆ. ಅದನ್ನೇ ನಂಬಿ ಎದ್ದು ಬರಬೇಡಿ. ಆ ಅಧಿಕಾರಿಗೆ ಅಂಥ ಫೋನು ದಿನಕ್ಕೆ ಹತ್ತಾರು ಬರುತ್ತವೆ. ಬರವಣಿಗೆಯಲ್ಲಿ ಇಲ್ಲದ್ದು ಸಂಜೆಗೆ ಮರೆತುಹೋಗುತ್ತದೆ. "ಆಯ್ತು, ನೋಡೋಣ" ಎಂದರೆ "ಸರ್, ಇದು ಯಾರ ಹತ್ತಿರ ಹೋಗುತ್ತೆ? ಯಾವಾಗ ವಿಚಾರಿಸಲಿ?" ಎಂದು ಕೇಳಿ. ಅದು ಉದ್ಧಟತನ ಅಲ್ಲ.

ಅವರು ಸಿಟ್ಟಾದರೆ? ನಿಮಗಿಂತ ಮೊದಲು ಬಂದವರ ಮೇಲಿನ ಸಿಟ್ಟು ನಿಮ್ಮ ಮೇಲೆ ಬೀಳುವುದೂ ಉಂಟು. "ನಿಮ್ಮೂರಿಗೆ ಎಷ್ಟು ಮಾಡಿದೀನಿ, ಗೊತ್ತಾ?" ಎಂದು ಶುರು ಮಾಡಿದರೆ ಎದುರು ವಾದಿಸಬೇಡಿ. ಮಾಡಿರುವುದು ನಿಜವಾಗಿದ್ದರೆ "ರಸ್ತೆ ಆಗಿದೆ ಸರ್, ಅದಕ್ಕೇ ಬಸ್ಸು ಕೇಳ್ತಿರೋದು" ಅನ್ನಿ. ಸಿಟ್ಟು ಅಲ್ಲೇ ಇಳಿಯುತ್ತದೆ. ವೋಟಿನ ಬೆದರಿಕೆ ಹಾಕಬೇಡಿ, "ಟಿವಿಯವರಿಗೆ ಹೇಳ್ತೀವಿ" ಎಂದೂ ಹೇಳಬೇಡಿ. ಮಾಡುವುದಿದ್ದರೆ ಬಾಯಿಬಿಟ್ಟು ಹೇಳದೆ ಮಾಡಿ. ಅಧಿಕಾರಿಯೊಬ್ಬರು ಲಂಚ ಕೇಳಿದರು ಎಂಬಂಥ ದೂರನ್ನು ಜನರ ಮುಂದೆ ಕೂಗಿ ಹೇಳಬೇಡಿ, ತಾರೀಖು ಸಮೇತ ಬರೆದು ಕೊಡಿ. ಕಾರಿಗೆ ಅಡ್ಡ ನಿಲ್ಲುವುದು, ಸಿಬ್ಬಂದಿಯನ್ನು ತಳ್ಳಾಡುವುದು ಎಂಥ ಸಿಟ್ಟಿನಲ್ಲೂ ಬೇಡ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ, ಅಂದರೆ ಹಳೆಯ ಐಪಿಸಿ 353, ಬೀಳುತ್ತದೆ. ಬಸ್ಸು ಕೇಳಲು ಹೋದವರು ಜಾಮೀನಿಗೆ ಓಡಾಡುವ ಹಾಗಾಗಬಾರದು.

ಫೋಟೊ, ಸೆಲ್ಫಿ ಬೇಕೆಂದರೆ ಎಲ್ಲ ಮುಗಿದ ಮೇಲೆ ಕೇಳಿ. ಅರ್ಜಿ ಕೊಡುತ್ತಿರುವ ಫೋಟೊ ಒಂದಿದ್ದರೆ ಉಪಯೋಗವೇ, ತಾರೀಖಿಗೆ ಸಾಕ್ಷಿಯಾಗುತ್ತದೆ. ಆದರೆ ಫೋಟೊಗೆ ನಿಲ್ಲಿಸುವ ಗಡಿಬಿಡಿಯಲ್ಲಿ ಷರಾ ಬರೆಸುವುದೇ ಮರೆತು ಬರುವವರಿದ್ದಾರೆ.

7. ಷರಾ ಬರೆಸಿಕೊಳ್ಳಿ

ಷರಾ ಅಂದರೆ ಅರ್ಜಿಯ ಅಂಚಿನಲ್ಲಿ ಅವರು ಕೈಯಾರೆ ಬರೆಯುವ ಟಿಪ್ಪಣಿ. ನೀವು ಇಷ್ಟು ದೂರ ಬಂದದ್ದು ಇದಕ್ಕಾಗಿ. ಎಲ್ಲ ಷರಾ ಒಂದೇ ಅಲ್ಲ, ಓದಲು ಕಲಿಯಿರಿ.

"ಪರಿಶೀಲಿಸಿ" ಎಂದಷ್ಟೇ ಇದ್ದರೆ ಅದು ಎಲ್ಲರಿಗೂ ಬರೆಯುವ ಮಾತು. ಅಧಿಕಾರಿ ಪರಿಶೀಲಿಸಿ ಪಕ್ಕಕ್ಕಿಡುತ್ತಾರೆ. "ನಿಯಮಾನುಸಾರ ಕ್ರಮ ಕೈಗೊಳ್ಳಿ" ಅಂದರೆ ಆಗುವುದಾದರೆ ಮಾಡಿ, ಆಗದಿದ್ದರೆ ನನ್ನ ಒತ್ತಾಯವಿಲ್ಲ ಎಂದರ್ಥ. ಬೇಸರ ಪಡಬೇಡಿ, ನಿಯಮದ ಪ್ರಕಾರ ಸಿಗಬೇಕಾದ ಕೆಲಸಕ್ಕೆ ಇದೇ ಸಾಕು. "ಕೂಡಲೇ ಕ್ರಮ ಕೈಗೊಂಡು ವರದಿ ಸಲ್ಲಿಸಿ" ಎಂದಿದ್ದರೆ ಗಟ್ಟಿ. ವರದಿ ಎನ್ನುವ ಪದ ಬಂದ ಕೂಡಲೇ ಅಧಿಕಾರಿ ಏನಾದರೊಂದು ಉತ್ತರ ಬರೆಯಲೇಬೇಕಾಗುತ್ತದೆ. ಮಂತ್ರಿಗಳ ಕಚೇರಿಯಲ್ಲಿ "ಕಡತ ಮಂಡಿಸಿ" ಎಂದು ಬರೆದರೆ ಇಲಾಖೆಯವರು ಅದಕ್ಕೆ ಕಡತ ತೆರೆದು ಮತ್ತೆ ಮಂತ್ರಿಗಳ ಮುಂದೆ ತರಬೇಕು. ಎಲ್ಲಕ್ಕಿಂತ ಒಳ್ಳೆಯ ಷರಾ ಅದೇ.

ಷರಾದ ಮೇಲೆ ಯಾವ ಅಧಿಕಾರಿಗೆ ಎಂದು ಬರೆದಿರಬೇಕು, ಕೆಳಗೆ ಸಹಿ, ತಾರೀಖು ಇರಬೇಕು. ಅಧಿಕಾರಿಯ ಪದನಾಮ ಇಲ್ಲದ ಷರಾ ವಿಳಾಸ ಬರೆಯದ ಲಕೋಟೆಯಂತೆ. "ಸರ್, ಡಿಪೋ ಮ್ಯಾನೇಜರ್‌ಗೆ ಅಂತ ಒಂದು ಮಾತು ಹಾಕಿಬಿಡಿ, ವರದಿ ಕೊಡಲಿ" ಎಂದು ಕೇಳಿದರೆ ಸಾಮಾನ್ಯವಾಗಿ ಬರೆಯುತ್ತಾರೆ. ಹೊರಗೆ ಬಂದ ತಕ್ಷಣ ಷರಾ ಇರುವ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಎರಡು ಜೆರಾಕ್ಸ್ ಮಾಡಿಸಿ. ಅರ್ಜಿಯನ್ನು ಅವರೇ ಇಟ್ಟುಕೊಂಡರೆ ಪಿಎ ಹತ್ತಿರ ಸ್ವೀಕೃತಿ ಹಾಕಿಸಿಕೊಂಡು ಬನ್ನಿ.

8. ಆಮೇಲೆ

ಷರಾ ಇರುವ ಅರ್ಜಿಯನ್ನು ಅಧಿಕಾರಿಯ ಕೈಗೆ ಕೊಟ್ಟು ಬರಬೇಡಿ. ಕಚೇರಿಯ ಟಪಾಲು ಶಾಖೆಗೆ ಕೊಡಿ. ಅಲ್ಲಿ ಆವಕ ಸಂಖ್ಯೆ ಹಾಕುತ್ತಾರೆ. ಆವಕ ಅಂದರೆ ಕಚೇರಿಗೆ ಬಂದ ಕಾಗದದ ಕ್ರಮಸಂಖ್ಯೆ. ಅದಾದ ಮೇಲೆ "ಅರ್ಜಿ ಬಂದೇ ಇಲ್ಲ" ಎನ್ನುವ ಉತ್ತರ ಯಾರೂ ಕೊಡಲಾರರು.

ಹದಿನೈದು ದಿನ ಬಿಟ್ಟು ಒಂದು ಸಲ ವಿಚಾರಿಸಿ. ಏನೂ ಆಗಿಲ್ಲವೇ? 1902ಕ್ಕೆ ಫೋನ್ ಮಾಡಿ. ಜನಸ್ಪಂದನ ಎಂಬ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಅದು, 2021ರಿಂದ ಇದೆ. ಆವಕ ಸಂಖ್ಯೆಯನ್ನು ಅಲ್ಲಿ ಹೇಳಿ.

ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು ಬಳಸಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದದೊಳಗಿರಬೇಕು, ಒಂದೇ ವಿಷಯ ಇರಬೇಕು. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ, ಅದು ಮಾಹಿತಿ ಅಲ್ಲ ಎಂದು ತಳ್ಳಿಹಾಕುತ್ತಾರೆ. "ಇಂಥ ದಿನಾಂಕದ, ಇಂಥ ಆವಕ ಸಂಖ್ಯೆಯ ಅರ್ಜಿಯ ಮೇಲೆ ಕೈಗೊಂಡ ಕ್ರಮದ ದಾಖಲೆ ಹಾಗೂ ಟಿಪ್ಪಣಿ ಹಾಳೆಯ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ನಂತರದ 30 ದಿನದಲ್ಲಿ ಮೊದಲ ಮೇಲ್ಮನವಿ.

ಎರಡನೇ ಸಲ ಶಾಸಕರ ಹತ್ತಿರ ಹೋಗುವಾಗ ಹೊಸ ಅರ್ಜಿ ಬರೆಯಬೇಡಿ. ಹಳೆಯದರ ಜೆರಾಕ್ಸ್, ಅದರ ಮೇಲೆ ಅವರದೇ ಷರಾ, ಆವಕ ಸಂಖ್ಯೆ, ಕಚೇರಿ ಹಿಂಬರಹ ಕೊಟ್ಟಿದ್ದರೆ ಅದರ ಪ್ರತಿ. ತಮ್ಮ ಅಕ್ಷರ ತಾವೇ ನೋಡಿದಾಗ ಹೆಚ್ಚು ಹೇಳುವ ಅಗತ್ಯ ಬೀಳುವುದಿಲ್ಲ. ವಿಷಯ ದೊಡ್ಡದಾಗಿದ್ದರೆ ಸದನದಲ್ಲಿ ಪ್ರಶ್ನೆ ಕೇಳಲು ಕೋರಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನಿಮ್ಮ ಶಾಸಕರು ಆಳುವ ಪಕ್ಷದವರಾಗಿ ಪ್ರಶ್ನೆ ಕೇಳಲು ಹಿಂದೆಮುಂದೆ ನೋಡಿದರೆ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ನಿಮ್ಮ ಭಾಗದ ಪದವೀಧರ ಕ್ಷೇತ್ರದವರನ್ನೋ ಶಿಕ್ಷಕರ ಕ್ಷೇತ್ರದವರನ್ನೋ ಕೇಳಿ ನೋಡಿ. ಶಾಸಕರ ಮನೆ ಮುಂದೆ ಇರುವಷ್ಟು ಜನ ಅವರ ಮನೆ ಮುಂದೆ ಇರುವುದಿಲ್ಲ.

ಈ ನಡುವೆ ಡಿಪೋ ಮ್ಯಾನೇಜರ್‌ಗೋ ತಹಶೀಲ್ದಾರರಿಗೋ ವರ್ಗಾವಣೆ ಆಗಿಬಿಡಬಹುದು, ಆಗುತ್ತಲೇ ಇರುತ್ತದೆ. ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಹೊಸಬರು ಬಂದ ವಾರದಲ್ಲೇ ಹೋಗಿ, ಹಳೆಯ ಆವಕ ಸಂಖ್ಯೆ ಮತ್ತು ಷರಾ ಇರುವ ಪ್ರತಿಯನ್ನು ಒಂದು ಸಾಲಿನ ನೆನಪೋಲೆಯ ಜೊತೆ ಟಪಾಲಿಗೆ ಕೊಟ್ಟು, ಹೊಸ ಆವಕ ಸಂಖ್ಯೆ ಹಾಕಿಸಿಕೊಂಡು ಬನ್ನಿ.